ನರಿಯ ಎಡಗಿವಿ

ಜಪಾನಿನ ಹೊಕ್ಕೈಡೊದ ನಮ್ಮ ಬೀದಿಯಲ್ಲಿ ಅಂದು ಸಂಜೆ ಐದಕ್ಕೆ ಹಿಮದ ಬೊಂಬೆಗಳ ಮುಂದೆ ದೀಪ ಹಚ್ಚುವುದಿತ್ತು. ನನ್ನ ಮಗಳು ಮಿಜುಹೊ ಮೊದಲ ಸಲ ಒಂದು ನರಿಯನ್ನು ಕೆತ್ತಿದ್ದಳು. ಮರದ ಚೌಕಟ್ಟಿನೊಳಗೆ ಹಿಮ ತುಂಬಿ, ಎರಡು ದಿನ ತುಳಿದು ಗಟ್ಟಿ ಮಾಡಿದವಳೂ ಅವಳೇ. ನಾಲ್ಕು ಗಂಟೆಗೆ ನರಿಯ ಎಡಗಿವಿ ಮುರಿದು ಬಿತ್ತು. ಅವಳು ಅಳು ನುಂಗಿಕೊಂಡು ಅದನ್ನು ಎತ್ತಿಕೊಂಡಳು.

ಹಿಮಕ್ಕೆ ನೀರು ಕಲಸಿದರೆ ಅದೇ ಅಂಟು ಎಂದು ನನಗೂ ಗೊತ್ತಿತ್ತು. ಮಗಳ ಬೆರಳು ಮರಗಟ್ಟಬಾರದೆಂದು ಒಲೆಯ ಮೇಲಿದ್ದ ಬಿಸಿನೀರನ್ನೇ ಬಕೆಟ್ಟಿಗೆ ಸುರಿದು ತಂದೆ. ಕಿವಿ ಅಂಟಲಿಲ್ಲ. ಅದರ ತುದಿಯೂ ಕರಗಿತು.

ಪಕ್ಕದ ಮನೆಯ ಕಿನುಎ ಅಜ್ಜಿ ಸಲಿಕೆ ಊರಿಕೊಂಡು ನಕ್ಕರು. "ಏನಮ್ಮಾ, ನರಿಗೆ ಸ್ನಾನ ಮಾಡಿಸ್ತಿದ್ದೀಯಾ? ತಣ್ಣೀರು ತಗೊಂಬಾ. ಗಂಜಿ ಥರ ಕಲಸು."

"ಮಗು ಕೈ ಸೆಟೆದುಹೋಗುತ್ತೆ, ಅಜ್ಜಿ."

"ಹಿಮ ಬೇಕು, ಚಳಿ ಬೇಡ ಅಂದ್ರೆ ಹೇಗೆ?"

"ನಾನು ಹಿಡ್ಕೋತೀನಮ್ಮಾ," ಎಂದಳು ಮಿಜುಹೊ.

ತಣ್ಣನೆಯ ಹಿಮದ ಗಂಜಿ ಮೆತ್ತಿ, ಅವಳು ಕಿವಿಯನ್ನು ಒತ್ತಿ ಹಿಡಿದಳು. ಇಬ್ಬರೂ ನೂರರವರೆಗೆ ಎಣಿಸಿದೆವು. "ಇನ್ನೊಂದು ನೂರು," ಎಂದರು ಅಜ್ಜಿ. ಅದನ್ನೂ ಎಣಿಸಿದೆವು.

ಅವಳು ಮೆಲ್ಲಗೆ ಕೈ ತೆಗೆದಳು. ಕಿವಿ ನಿಂತಿತ್ತು, ಸ್ವಲ್ಪ ವಾಲಿಕೊಂಡು.

"ನೆಟ್ಟಗೆ ಮಾಡ್ಲಾ?" ಎಂದೆ.

"ಅಯ್ಯೋ, ಮುಟ್ಬೇಡಮ್ಮಾ! ನಿನ್ ಕೈ ಬೆಚ್ಚಗಿರುತ್ತೆ," ಎಂದಳು ಮಿಜುಹೊ.

ಐದಕ್ಕೆ ದೀಪ ಹಚ್ಚಿ, ನೆರೆಯವರೆಲ್ಲ ನರಿಯ ಸುತ್ತ ನೆರೆದಾಗಲೂ ನಾನು ಎರಡು ಕೈಗಳನ್ನೂ ಜೇಬಿನಲ್ಲೇ ಇಟ್ಟುಕೊಂಡಿದ್ದೆ.