ಹನ್ನೆರಡನೆಯ ಕುಂಡ

ಲ್ಯಾಬಿನವರೆಲ್ಲ ನನ್ನ ತಂಗಿಯನ್ನು ಮೇಡಂ ಅನ್ನುತ್ತಿದ್ದರು. ನನಗೆ ಮಾತ್ರ ಪುಟ್ಟಿ. ಅರವತ್ತೊಂದು ವರ್ಷದ ಪುಟ್ಟಿ, ಮೊಂಡಿ ಅಂದರೆ ಮೊಂಡಿ. ಆಸ್ಪತ್ರೆಯ ಹಾಸಿಗೆ ಹಿಡಿದ ಮೇಲೂ ಡಾಕ್ಟರ ಹತ್ತಿರ ಚೌಕಾಸಿ ನಡೆಸಿದ್ದಳು. "ಇಪ್ಪತ್ತನೇ ತಾರೀಖಿನವರೆಗೆ ತಳ್ಳಿ ಸಾಕು. ಅವತ್ತೊಂದು ದಿನ ನಾನು ಲ್ಯಾಬಲ್ಲಿ ಕೂತಿರ್ಬೇಕು. ಆಮೇಲೆ ನಿಮ್ಮಿಷ್ಟ."

ನನಗೆ ಲ್ಯಾಬಿನ ಬೀಗದ ಕೈ ಕೊಟ್ಟು, "ಅಕ್ಕಾ, ಮೇಲಿನ ಹಲಗೆ ಮೇಲೆ ಹನ್ನೊಂದು ಕುಂಡ ಇವೆ, ಅವಕ್ಕೆ ನೀರು ಹಾಕು. ಕೆಳಗೆ ಒಂದೇ ಒಂದಿದೆ. ಅದನ್ನ ಮುಟ್ಟಬೇಡ" ಎಂದಳು. ಯಾಕೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಕೆಲಸದ ವಿಷಯ ಕೇಳುವುದನ್ನು ಬಿಟ್ಟು ನನಗೆ ಹನ್ನೆರಡು ವರ್ಷವಾಗಿತ್ತು.

ಅದಕ್ಕೆ ಕಾರಣ ನನ್ನ ಮಗಳು. ಮೂವತ್ತೆರಡು ವರ್ಷದ ಹಿಂದಿನ ಮಾತು. ಒಂಬತ್ತು ವರ್ಷದ ಮಗು, ರಸ್ತೆಯಲ್ಲಿ ಅಪಘಾತವಾಯಿತು. ಅವಳ ಗುಂಪಿನ ರಕ್ತ ದೂರದ ಊರಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪುಟ್ಟಿ ಆಗ ಜೀವಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಜೀವಕೋಶದ ಪೊರೆಯನ್ನು ಎಷ್ಟು ಎಳೆದರೆ ಹರಿಯುತ್ತದೆ ಎಂದು ಅಳೆಯುವ ಕೆಲಸ. ಅವತ್ತೇ ಹಟ ಹಿಡಿದಳು. ರಕ್ತವನ್ನು ಒಣಗಿಸಿ ಡಬ್ಬಿಯಲ್ಲಿಡಬೇಕು, ಬೇಕಾದಾಗ ನೀರು ಬೆರೆಸಿದರೆ ಮತ್ತೆ ರಕ್ತವಾಗಬೇಕು. ಇಪ್ಪತ್ತು ವರ್ಷ ಒದ್ದಾಡಿದಳು. ನೀರು ಬಿದ್ದ ಕೂಡಲೇ ಕಣಗಳು ಒಡೆದುಹೋಗುತ್ತಿದ್ದವು. ಕೊನೆಗೆ ಅದನ್ನೆಲ್ಲ ಬಿಟ್ಟು ಸಸ್ಯ ವಿಭಾಗ ಸೇರಿ, ಕುಂಡಗಳ ಮುಂದೆ ಕೂತಳು. ನನ್ನ ಮಗಳನ್ನು ಮರೆತೇಬಿಟ್ಟಳಲ್ಲ! ಬಾಯಿಬಿಟ್ಟು ಹಾಗೆ ಹೇಳಲಿಲ್ಲ. "ಏನೇ, ಮಾಲಿ ಕೆಲಸ ಹೇಗಿದೆ?" ಎಂದು ಚುಚ್ಚುತ್ತಿದ್ದೆ. ಅವಳು ನಕ್ಕುಬಿಡುತ್ತಿದ್ದಳು.

ಅವಳ ಲ್ಯಾಬು ಒಂದು ಕಿರಿದಾದ ಕೋಣೆ. ಗುಂಯ್ ಅನ್ನುವ ಫ್ರಿಜ್ಜು, ಸೋರುವ ನಲ್ಲಿ, ಗೋಡೆಗೆ ಒಂದು ದೊಡ್ಡ ಗಡಿಯಾರ. ಮೇಲಿನ ಹನ್ನೊಂದು ಗಿಡಗಳು ಹಸಿರಾಗಿ ನಳನಳಿಸುತ್ತಿದ್ದವು. ಕೆಳಗಿನದು ಸುಟ್ಟ ನೂಲಿನ ಉಂಡೆಯ ಹಾಗಿತ್ತು. ನಾನು ಜೀವನವೆಲ್ಲ ಬಟ್ಟೆ ಹೊಲಿದವಳು, ನನಗೆ ಹಾಗೇ ಕಂಡಿತು. ಎಂಟು ದಿನ ತಡೆದುಕೊಂಡೆ. ಒಂಬತ್ತನೆಯ ದಿನ ಕರುಳು ಚುರುಕ್ ಎಂದಿತು. ಇದೆಂಥ ನ್ಯಾಯ? ಹನ್ನೊಂದು ಹೊಟ್ಟೆ ತುಂಬ ಕುಡಿಯಬೇಕು, ಇದೊಂದು ಗಂಟಲೊಣಗಿ ಸಾಯಬೇಕೇ? ಒಂದು ಲೋಟ ನೀರು ಸುರಿದು, ಬೀಗ ಹಾಕಿ ಮನೆಗೆ ಬಂದೆ.

ಮಾರನೆಯ ದಿನ ಹೋಗಲು ಆಗಲಿಲ್ಲ. ಅದರ ಮಾರನೆಯ ದಿನ ಬಾಗಿಲು ತೆಗೆದರೆ, ಅಬ್ಬಾ! ಉಂಡೆ ಬಿಚ್ಚಿಕೊಂಡು ಹಸಿರು ಹಸಿರಾಗಿ ಕೂತಿದೆ. ನನ್ನ ಸಂತೋಷ ಕೇಳಬೇಡಿ. ಕುಂಡವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನೇರ ಆಸ್ಪತ್ರೆಗೆ ಹೋದೆ.

"ನೋಡೇ ಪುಟ್ಟಿ! ಒಂದೇ ಲೋಟ ನೀರಿಗೆ ಎದ್ದು ಕೂತಿದೆ!"

ಅವಳ ಮುಖ ಬಿಳಿಚಿಕೊಂಡಿತು. ಕುಂಡವನ್ನು ತನ್ನತ್ತ ಎಳೆದುಕೊಂಡಳು.

"ಎಷ್ಟು ಗಂಟೆಗೆ ನೀರು ಹಾಕಿದೆ?"

"ಸೋಮವಾರ... ಮಧ್ಯಾಹ್ನ ಇರ್ಬೇಕು."

"ಹಸಿರು ಯಾವಾಗ ಬಂತು? ಗಡಿಯಾರ ನೋಡಿದ್ಯಾ?"

"ನಾನೆಲ್ಲಿ ನೋಡ್ಲಿ, ಮನೇಲಿದ್ದೆ. ಯಾಕೇ? ಏನಾಯ್ತು?"

ಆಗ ಹೇಳಿದಳು, ಉಸಿರು ಎಳೆದೆಳೆದು. ಹನ್ನೆರಡು ಗಿಡಗಳನ್ನು ಒಂದೇ ದಿನ ಒಣಗಲು ಬಿಟ್ಟಿದ್ದಳಂತೆ. ವರ್ಷಕ್ಕೊಂದಕ್ಕೆ, ಅದೇ ಇಪ್ಪತ್ತನೇ ತಾರೀಖಿಗೆ ನೀರು ಹಾಕಿ, ಪಕ್ಕದಲ್ಲೇ ಕೂತು, ಜೀವ ಬರಲು ಎಷ್ಟು ಗಂಟೆ ಬೇಕೆಂದು ಬರೆದಿಡುವುದು. ಇದು ಕೊನೆಯದು.

"ರಕ್ತದ ಕಣ ಒಡೆಯತ್ತೆ. ಈ ಗಿಡದ್ದು ಎಷ್ಟು ವರ್ಷ ಒಣಗಿದ್ರೂ ಒಡೆಯಲ್ಲ. ಹೇಗೆ ಅಂತ ಇದರ ಹತ್ತಿರಾನೇ ಕಲೀಬೇಕಿತ್ತು. ನಾನು ಕೆಲಸ ಬದಲಾಯಿಸಿರ್ಲಿಲ್ಲ ಅಕ್ಕಾ. ಅದೇ ಕೆಲಸ. ನಮ್ಮ ಮಗೂದೇ."

ಅಯ್ಯೋ, ಈ ಕೈ ಸೇದಿಹೋಗಬಾರದೇ! "ಒಂದು ದಿನ ಅಂತ ಬರ್ಕೊಳೇ, ಹೆಚ್ಚುಕಮ್ಮಿ ಅಷ್ಟೇ ಇರತ್ತೆ" ಎಂದು ಅಂಗಲಾಚಿದೆ.

"ನೋಡದೇ ಇರೋದನ್ನ ಬರೆಯೋಕಾಗಲ್ಲ. ಆ ಪುಸ್ತಕದಲ್ಲಿ ಒಂದೇ ಒಂದು ಸುಳ್ಳಿಲ್ಲ" ಎಂದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ದಿಂಬಿನ ಪಕ್ಕದಿಂದ ಪುಸ್ತಕ ತೆಗೆದು ಏನೋ ಬರೆದು ಮುಚ್ಚಿಟ್ಟಳು. ಆಮೇಲೆ ತಾರೀಖಿನ ಮಾತೇ ಎತ್ತಲಿಲ್ಲ. ಡಾಕ್ಟರ ಹತ್ತಿರ ಚೌಕಾಸಿಯೂ ನಿಂತಿತು. ಹದಿನೇಳಕ್ಕೆ ಹೋಗಿಬಿಟ್ಟಳು.

ಆಸ್ಪತ್ರೆಯವರು ಅವಳ ಕನ್ನಡಕ, ಶಾಲು, ಪುಸ್ತಕ ನನ್ನ ಕೈಗಿಟ್ಟರು. ತೆರೆದು ನೋಡಿದೆ. ಹನ್ನೊಂದು ಸಾಲುಗಳಲ್ಲಿ ಅಚ್ಚುಕಟ್ಟಾದ ಅಂಕಿಗಳು. ಹದಿನೆಂಟು ಗಂಟೆ, ಹತ್ತೊಂಬತ್ತು, ಇಪ್ಪತ್ತೂ ಕಾಲು. ಹನ್ನೆರಡನೆಯದರ ಮುಂದೆ ಸೊಟ್ಟ ಅಕ್ಷರ: 'ಹಸಿರಾಯಿತು. ಗಂಟೆ ನೋಡಿಲ್ಲ.' ಪಕ್ಕದಲ್ಲಿ ಕಾರಣ ಬರೆಯುವ ಜಾಗ. ಅಲ್ಲಿ ಬರೆದಿದ್ದಳು: 'ನನ್ನ ತಪ್ಪು. ನೀರು ಹಾಕಬಾರದೆಂದು ಅಕ್ಕನಿಗೆ ಹೇಳಿರಲಿಲ್ಲ.'

ಹೇಳಿದ್ದಳು. ಮುಟ್ಟಬೇಡ ಎಂದು ನನಗೆ ಹೇಳಿದ್ದಳು.