ಖಾರದ ಕೈ

ಗುರ್ ಎನ್ನುತ್ತಲೇ ಇದೆ, ಹೊಟ್ಟೆಯಲ್ಲಿ ಒಂದು ಮೆಣಸಿನಕಾಯಿ ಇಲ್ಲದಿದ್ದರೂ ಗುರ್ ಎನ್ನುತ್ತಲೇ ಇದೆ ಈ ಯಂತ್ರ, ಆರಿಸಬೇಕು, ಸ್ವಿಚ್ಚಿನ ತನಕ ಕೈ ಹೋಗಿದೆ, ಆದರೆ ಆರಿಸಿದರೆ ಶೆಡ್ಡು ಸುಮ್ಮನಾಗುತ್ತದೆ, ಸುಮ್ಮನಾದರೆ ಹಿತ್ತಿಲಲ್ಲಿ ಓರಗಿತ್ತಿ ಏನು ಮಾಡುತ್ತಿದ್ದಾಳೋ ಅದು ಕೇಳಿಸುತ್ತದೆ, ಅದನ್ನು ಕೇಳಿಸಿಕೊಳ್ಳುವ ಧೈರ್ಯ ದೊಡ್ಡವಳಿಗಿಲ್ಲ — ದೊಡ್ಡವಳು, ಚಿಕ್ಕವಳು, ಮನೆಗೆ ಬಂದ ಸೊಸೆಯರಿಬ್ಬರನ್ನೂ ಅತ್ತೆ ಹಾಗೇ ಕರೆದದ್ದು, ಊರೂ ಹಾಗೇ ಕರೆಯಿತು, ದೊಡ್ಡವಳಂತೆ, ಯಾವುದರಲ್ಲಿ ದೊಡ್ಡವಳೋ. ಬಾಗಿಲ ಸಂದಿಯಲ್ಲಿ ಜೀಪು ಕಾಣುತ್ತಿದೆ, ಇನ್ನೂ ಹೊರಟಿಲ್ಲ, ಕ್ಯಾಮೆರಾದವನು ಗೇಟಿನ ಬೋರ್ಡಿನ ಫೋಟೋ ತೆಗೆಯುತ್ತಿದ್ದಾನೆ, ಇಲಾಖೆಯ ಮೇಡಂ ಮುಂದಿನ ಸೀಟಿನಲ್ಲಿ ಕೂತು ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಾರೆ, ಈಗ ಓಡಿದರೂ ಸಿಗುತ್ತಾರೆ, ಮೇಡಂ ಒಂದು ನಿಮಿಷ ಅಂದರೆ ಸಾಕು, ಮೇಡಂ ಅಂದರೂ ಇನ್ನೂ ಹುಡುಗಿ, ಒಳ್ಳೆಯವಳು, ಒಳ್ಳೆಯವಳಾದದ್ದೇ ತಪ್ಪಾಯಿತು, ಗದರುವ ಸಾಹೇಬನಾಗಿದ್ದರೆ ಸುಳ್ಳು ಹೇಳಿದ್ದಕ್ಕೆ ಇಷ್ಟು ಉರಿಯುತ್ತಿರಲಿಲ್ಲ. ಬೋರ್ಡಿನ ಮೇಲೆ ದೊಡ್ಡವಳೊಬ್ಬಳದೇ ಹೆಸರು. ಯಂತ್ರದ ಅರ್ಜಿಗೆ ಒಬ್ಬರ ಹೆಸರು ಸಾಕಂತೆ, ನಿಂದೇ ಹಾಕ್ಕೋ ಅಕ್ಕ, ನಂಗೆ ಸಹಿ ಹಾಕೋಕೆ ಕೈ ನಡುಗುತ್ತೆ, ಅಂದದ್ದು ಚಿಕ್ಕವಳೇ, ಅದಕ್ಕೆ ಇವಳೂ ಬೇಡ ಅನ್ನಲಿಲ್ಲ, ಒಂದು ಸಲ ಬಾಯಿಮಾತಿಗೂ ಬೇಡ ಅನ್ನಲಿಲ್ಲ.

ಸಣ್ಣ ಯಂತ್ರ ಸಾಕಾಗಲ್ವಾ ನಿಮಗೆ, ಅಂತ ಮೇಡಂ ಮೊದಲ ದಿನವೇ ಕೇಳಿದ್ದರಲ್ಲ, ಸಬ್ಸಿಡಿ ಎರಡಕ್ಕೂ ಇದೆ, ನೋಡಿ ಯೋಚಿಸಿ ಅಂತ ಕೂರಿಸಿಕೊಂಡು ಹೇಳಿದ್ದರಲ್ಲ, ಮನೆಗೆ ಬಂದು ಹೇಳಿದಾಗ ಚಿಕ್ಕವಳು ಮೊಣಕೈಯಿಂದ ತಿವಿದಿದ್ದಳು, ಸಣ್ಣದೇ ಸಾಕು ಅಕ್ಕ, ನಮ್ಮದು ದಿನಕ್ಕೆ ಒಂದು ಬುಟ್ಟಿ ಕಾಯಿ, ಹಾಸಿಗೆ ಇದ್ದಷ್ಟು ಕಾಲು ಚಾಚೋಣ — ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ, ದೊಡ್ಡದೇ ಕೊಡಿ ಮೇಡಂ, ಅಂತ ಇವಳು ಹೋಗಿ ಹೇಳಿಬಂದಳು. ಲಾರಿಯಲ್ಲಿ ಬಂದಿಳಿದಾಗ ಬೀದಿಗೆ ಬೀದಿಯೇ ನಿಂತು ನೋಡಿತು, ಇವಳ ಕಾಲು ನೆಲದ ಮೇಲಿರಲಿಲ್ಲ. ಒಂದು ಮೂಟೆ ಮೆಣಸಿನಕಾಯಿ ಸುರಿದರೆ ಹೂವಿನಂಥ ಪುಡಿ, ಒಂದು ಬುಟ್ಟಿ ಸುರಿದರೆ ಒಳಗೆ ಅಲೆದಾಡಿ ಅಲೆದಾಡಿ ಬಿಸಿಯಾಗಿ ಕಪ್ಪು, ಸೀದ ವಾಸನೆ, ಅಂಗಡಿಯವನು ಮೂಗಿಗೆ ಹಿಡಿದವನೇ ಪ್ಯಾಕೆಟ್ ವಾಪಸ್ ತಳ್ಳಿದ, ಏನಮ್ಮ ಇದು, ಖಾರದ ಪುಡಿಯೋ ಬೂದಿಯೋ. ಮೂಟೆ ಮೂಟೆ ಕಾಯಿ ಎಲ್ಲಿಂದ ತರುವುದು, ತಂದರೂ ಕೊಳ್ಳುವವರು ಯಾರು. ಮೇಡಂಗೆ ಹೇಳಿಬಿಡು ಅಕ್ಕ, ಬದಲಾಯಿಸಿ ಕೊಟ್ಟಾರು. ಹೇಳ್ತೀನಿ ಬಿಡೇ. ಹೇಳಲಿಲ್ಲ. ಹೇಳಿದರೆ ನೋಡಿದ ಬೀದಿಯೆಲ್ಲ ಮತ್ತೆ ನಿಂತು ನೋಡುತ್ತದೆ, ಲಾರಿ ವಾಪಸ್ ಹೋಗುವುದನ್ನು. ಕಬ್ಬಿಣದ ಒರಳು ಮತ್ತೆ ಹಿತ್ತಿಲಿಗೆ ಬಂತು, ಕುಟ್ಟಲು ಚಿಕ್ಕವಳು ಕೂತಳು, ಯಂತ್ರದ ಮೇಲೊಂದು ಬಟ್ಟೆ ಬಿತ್ತು, ಊಟಕ್ಕಿಲ್ಲದ ಉಪ್ಪಿನಕಾಯಿ. ಮೊದಲು ಸರದಿಯ ಮೇಲೆ ಇಬ್ಬರೂ ಕುಟ್ಟುತ್ತಿದ್ದರು, ಆಮೇಲೆ ಫೋನು, ಅಂಗಡಿ, ಪ್ಯಾಕೆಟ್ಟಿಗೆ ಚೀಟಿ ಅಂಟಿಸುವುದು ಅಂತ ಇವಳ ಸರದಿ ಜಾರಿತು, ಯಾವಾಗ ಜಾರಿತು ಅಂತ ಕೇಳಿದರೆ ನೆನಪಿಲ್ಲ, ಜಾರಿದ್ದನ್ನು ಚಿಕ್ಕವಳು ಎತ್ತಿ ಆಡಲಿಲ್ಲ, ಕೈ ಉರಿ ಅಂತ ರಾತ್ರಿ ಮಜ್ಜಿಗೆಯಲ್ಲಿ ಬೆರಳು ಅದ್ದಿಕೊಂಡು ಕೂರುತ್ತಾಳೆ, ನೋಡಕ್ಕ, ನನ್ನ ಕೈ ಮಸಾಲೆ ಮಜ್ಜಿಗೆ ಮಾಡ್ತಿದೆ, ಅಂತ ತಾನೇ ನಗುತ್ತಾಳೆ. ಇವತ್ತು ಮೇಜಿನ ಮೇಲೆ ಸಾಲಾಗಿ ನಿಂತ ಪ್ಯಾಕೆಟ್ಟೆಲ್ಲ ಅದೇ ಕೈಯದು. ಯಂತ್ರ ಓಡಿಸಿ ತೋರಿಸ್ತೀರಾ ಅಂದರು ಮೇಡಂ, ಖಾಲಿ ಓಡಿಸ್ತೀನಿ ಮೇಡಂ, ಕಾಯಿ ಹಾಕಿದ್ರೆ ಘಾಟು, ನಿಮಗೆ ತಡಿಯೋಕಾಗಲ್ಲ — ಎಷ್ಟು ಸಲೀಸಾಗಿ ಬಂತು, ಎಣ್ಣೆ ಹಚ್ಚಿದ ಹಾಗೆ ಹೊರಳಿತು ನಾಲಿಗೆ. ಏನಾದರೂ ತೊಂದರೆ ಇದ್ರೆ ಹೇಳಿ, ಸಂಕೋಚ ಬೇಡ, ಅದಕ್ಕೇ ನಾವು ಬಂದಿರೋದು. ಏನೂ ಇಲ್ಲ ಮೇಡಂ, ಚಿನ್ನದಂಥ ಯಂತ್ರ. ಮೇಡಂ ಕೈ ಕುಲುಕಿದರು, ಎಷ್ಟು ಮೆತ್ತಗಿದೆ ನಿಮ್ಮ ಕೈ, ಯಂತ್ರ ಬಂದ ಮೇಲೆ ಆರಾಮ ಅಲ್ವಾ, ಅಂದರು, ಖುಷಿಯಾಗಿಯೇ ಅಂದರು, ಕ್ಯಾಮೆರಾದವನು ಆಗಲೇ ಕ್ಲಿಕ್ ಎನಿಸಿದ, ಮುಂದಿನ ವಾರ ಪಕ್ಕದ ಊರಿನ ಹೆಂಗಸರನ್ನೆಲ್ಲ ಕರ್ಕೊಂಡು ಬರ್ತೀನಿ, ನಿಮ್ಮನ್ನ ನೋಡಿ ಅವರೂ ಇದನ್ನೇ ತಗೊಳ್ಳಲಿ. ಅವರೂ ಇದನ್ನೇ. ಆಗಲೇ ಹೇಳಬೇಕಿತ್ತು, ಆಗಲೇ, ಆದರೆ ಮೇಡಂ ಆ ಕಡೆ ತಿರುಗಿದರು, ಹಿತ್ತಿಲ ಬಾಗಿಲಿಗೆ ಒರಗಿ ಚಿಕ್ಕವಳು ನಿಂತಿದ್ದಳು, ಎರಡೂ ಕೈ ಬೆನ್ನ ಹಿಂದೆ, ಕಣ್ಣಲ್ಲಿ ನೀರು ಬಂದರೂ ಒರೆಸಲಾರಳು, ಆ ಕೈ ಕಣ್ಣಿಗೆ ತಾಗಿದರೆ ಮುಗಿಯಿತು, ಭುಜಕ್ಕೆ ಕೆನ್ನೆ ಉಜ್ಜಿಕೊಂಡಳು. ಇವರು ಯಾರು, ಅಂತ ಮೇಡಂ ಕೈ ಚಾಚಿಕೊಂಡೇ ಹೋದರು, ಕುಲುಕುವುದಕ್ಕೆ, ಚಿಕ್ಕವಳ ಕೈ ಮುಂದೆ ಬರಲಿಲ್ಲ, ಬಂದರೆ ಕೆಂಪು ಕಾಣುತ್ತದೆ, ಬೊಬ್ಬೆ ಕಾಣುತ್ತದೆ, ಒರಳು ಕಾಣುತ್ತದೆ — ಕೆಲಸಕ್ಕೆ ಬರ್ತಾಳೆ ಮೇಡಂ. ಅಂದಳು. ಬೇರೆ ಯಾರೂ ಅಲ್ಲ, ದೊಡ್ಡವಳೇ ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕವಳು ಇವಳ ಮುಖ ನೋಡಿದಳು, ಒಂದೇ ಸಲ, ಆಮೇಲೆ ಮೇಡಂ ಕಡೆ ತಿರುಗಿ ಹೌದು ಮೇಡಂ ಅಂದಳು, ಕಸ ಗುಡಿಸ್ತೀನಿ, ಕೈ ಕೊಳೆಯಾಗಿದೆ, ತಪ್ಪು ತಿಳ್ಕೋಬೇಡಿ. ಥೂ. ಬೈದಿದ್ದರೆ ಚೆನ್ನಾಗಿತ್ತು, ಅಲ್ಲೇ ಕೈ ಮುಂದೆ ಚಾಚಿ ಮಾನ ಕಳೆದಿದ್ದರೆ ಇನ್ನೂ ಚೆನ್ನಾಗಿತ್ತು, ಇವಳ ಸುಳ್ಳಿಗೆ ತನ್ನದೊಂದು ಸುಳ್ಳು ಸೇರಿಸಿ ಇವಳ ಮಾನ ಮುಚ್ಚಿದಳಲ್ಲ, ಯಾವ ಮುಖ ಇಟ್ಟುಕೊಂಡು ಹಿತ್ತಿಲಿಗೆ ಹೋಗುವುದು.

ಜೀಪಿನ ಬಾಗಿಲು ಬಡಿಯಿತು. ಓಡು, ಈಗಲೇ ಓಡು, ಮೇಡಂ ಅವಳು ಕೆಲಸದವಳಲ್ಲ, ನನ್ನ ಓರಗಿತ್ತಿ, ಈ ಪುಡಿಯೆಲ್ಲ ಅವಳದು, ಆ ಊರಿನ ಹೆಂಗಸರಿಗೆ ಸಣ್ಣ ಯಂತ್ರ ಕೊಡಿ — ನಾಲಿಗೆಯ ಮೇಲೆ ಎಲ್ಲ ಮಾತೂ ಸಿದ್ಧವಾಗಿ ಕೂತಿದೆ, ಕಾಲು ಮಾತ್ರ ಏಳುತ್ತಿಲ್ಲ, ಜೀಪು ಹಿಂದಕ್ಕೆ ಬಂತು, ತಿರುಗಿತು, ಮೇಡಂ ಕಿಟಕಿಯಿಂದ ಕೈ ಬೀಸಿದರು, ಇವಳೂ ಬೀಸಿದಳು, ಈ ಮೆತ್ತಗಿನ ಕೈಯನ್ನೇ ಬೀಸಿದಳು, ಧೂಳು, ಇನ್ನೇನೂ ಇಲ್ಲ. ಸ್ವಿಚ್ ಆರಿಸಿದಳು. ಗುರ್ ಎನ್ನುವುದು ಸಣ್ಣದಾಗಿ, ಇನ್ನೂ ಸಣ್ಣದಾಗಿ, ನಿಂತೇ ಹೋಯಿತು, ಹಿತ್ತಿಲಲ್ಲಿ ನೀರಿನ ಸದ್ದೂ ಇಲ್ಲ, ಒರಳಿನ ಸದ್ದೂ ಇಲ್ಲ, ಹೋದಳೇ, ಎಲ್ಲಿಗೆ ಹೋದಳು, ಬಾಗಿಲ ತನಕ ಹೋಗಿ ಇಣುಕುತ್ತಾಳೆ, ಅಲ್ಲೇ ಇದ್ದಾಳೆ, ನೀರಿನ ಡ್ರಮ್ಮಿನ ಪಕ್ಕದಲ್ಲೇ ಗೋಡೆಗೆ ಒರಗಿ, ಕೈ ಕೂಡ ತೊಳೆದಿಲ್ಲ, ನಿಂತ ಹಾಗೇ ನಿಂತಿದ್ದಾಳೆ, ಹೋದ್ರಾ ಅಕ್ಕ, ಅನ್ನುತ್ತಾಳೆ, ಎಂದಿನ ನಗೆಯೇ, ಅರ್ಧಕ್ಕೆ ನಿಂತ ನಗೆ, ಇನ್ನು ಕೈ ಮುಂದೆ ತರಬಹುದಾ. ಹೂಂ ಅನ್ನಬೇಕು, ಒಂದು ಹೂಂ, ದೊಡ್ಡವಳ ಬಾಯಿ ತೆರೆದೇ ಇದೆ, ಕೇಳಿದಳಲ್ಲ, ತನ್ನ ಕೈ ತಾನು ಮುಂದೆ ತರುವುದಕ್ಕೆ ಇವಳನ್ನು ಕೇಳಿದಳಲ್ಲ, ಕೇಳಿ ಕಾಯುತ್ತಿದ್ದಾಳಲ್ಲ, ಆ ಕೈ, ಬೆನ್ನ ಹಿಂದೆ, ಇನ್ನೂ ಬೆನ್ನ ಹಿಂದೆಯೇ, ಆ ಎರಡು ಕೈ