ಅತಿಥಿಗಳು ಕೂತ ಮೇಲೆ

ಸಾದಲಿಯ ಯುವಕರ ಸಂಘ ವಾರ್ಷಿಕೋತ್ಸವಕ್ಕೆ ಅಮೃತಳನ್ನು ಕರೆದದ್ದು ಆರ್ಕೆಸ್ಟ್ರಾಗಿಂತ ಸಲೀಸೆಂದು. ಆರ್ಕೆಸ್ಟ್ರಾದವರು ವ್ಯಾನು ತುಂಬ ಬಂದು ವ್ಯಾನು ತುಂಬುವಷ್ಟು ಉಣ್ಣುತ್ತಾರೆ. ಇವಳು ಲ್ಯಾಪ್‌ಟಾಪಿನಲ್ಲೊಂದು ಡ್ರಮ್ ಸಾಫ್ಟ್‌ವೇರು, ಅದಕ್ಕೆ ಸಿಕ್ಕಿಸಿದ ಗುಂಡಿಗಳ ಪೆಟ್ಟಿಗೆ ಇಟ್ಟುಕೊಂಡು ಒಬ್ಬಳೇ ವೇದಿಕೆ ನಡುಗಿಸುತ್ತಾಳೆ. ಗುಂಡಿಗಳಿಗೆ ಸದ್ದು ತುಂಬಿದವಳೂ ಅವಳೇ. ರೇಷ್ಮೆ ನೂಲು ಬಿಚ್ಚುವ ಯಂತ್ರದ ಕಿರ್ರೆನ್ನುವ ಸದ್ದು, ತೊಂಡೇಬಾವಿಯಲ್ಲಿ ನಿಲ್ಲದೆ ಹೋಗುವ ರೈಲು, ಅಪ್ಪ ಮುನಿಶಾಮಿಯವರ ಕೈಯ ತಮಟೆ.

ತಮಟೆಗೆ ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ದೊಡ್ಡವರು ಊರಿಗೆ ಬಂದಾಗಲೆಲ್ಲ ಅವರ ಮುಂದೆ ಬಾರಿಸುತ್ತ ನಡೆದವನು ಅಮೃತಳ ತಾತ. ಅದು ನಿಮ್ಮ ಕರ್ತವ್ಯ ಎನ್ನುತ್ತಿದ್ದರಂತೆ ಊರವರು. ಮುನಿಶಾಮಿ ಓದಿ ಮೇಷ್ಟ್ರಾಗಿ, ಮನೆಯಲ್ಲಿ ಆ ನಡಿಗೆಯನ್ನು ನಿಲ್ಲಿಸಿದರು. ಮಗಳ ರೆಕಾರ್ಡಿಂಗಿಗೆ ಮಹಡಿಯ ಮೇಲೆ ಬಾರಿಸಿಕೊಟ್ಟರು ನಿಜ. ಕುರ್ಚಿ ತರಿಸಿ, ಕೂತು ಬಾರಿಸಿದರು.

ಇವತ್ತು ಅವರು ಮೂರನೇ ಸಾಲಿನಲ್ಲಿದ್ದರು.

ಮುಖ್ಯ ಅತಿಥಿಗಳ ಕಾರು ಗೇಟಿಗೆ ಬಂದಾಗ ಸಂಘದ ಕಾರ್ಯದರ್ಶಿ ಮುರಳಿಮೋಹನ್ ವೇದಿಕೆ ಹತ್ತಿದ. ಸಾಹೇಬರು ಇಳಿದು ಸೋಫಾ ಸೇರುವವರೆಗೆ ಆ ತಮಟೆ ಹಾಕಬೇಕಂತೆ. ಹೇಗೂ ಮೆಷೀನು, ಯಾರೂ ನಡೆಯಬೇಕಿಲ್ಲ, ಬೆವರಬೇಕಿಲ್ಲ. ಸುಧಾರಣೆ ಎಂದರೆ ಇದೇ ಎಂಬ ಉದಾರತೆ ಅವನ ಮುಖದಲ್ಲಿತ್ತು.

"ಒಂದು ಬಟನ್ ತಾನೇನಮ್ಮ. ಕೊಂಚಂ ಅಡ್ಜಸ್ಟ್ ಮಾಡ್ಕೋ."

"ಅವ್ರು ನಡ್ಕೊಂಡ್ ಬರೋವಾಗ ಬಾರಿಸಲ್ಲ ಸಾರ್. ಕೂತ್ಮೇಲೆ ಬಾರಿಸ್ತೀನಿ, ಕೇಳ್ಲಿ."

"ಹಿಂಗಾಡಿದ್ರೆ ಶಿಡ್ಲಘಟ್ಟ ತಾಲೂಕಲ್ಲಿ ನಿಂಗಿನ್ನ ಪ್ರೋಗ್ರಾಂ ಸಿಗಲ್ಲ ನೋಡು."

"ಗೌರಿಬಿದನೂರಿದೆ, ಚಿಂತಾಮಣಿ ಇದೆ. ಜಿಲ್ಲೆ ದೊಡ್ಡದು ಸಾರ್."

ಅವನೇ ಕೈಹಾಕಿ ಸಿಕ್ಕ ಗುಂಡಿಯನ್ನು ಒತ್ತಿದ. ಸ್ಪೀಕರಿನಲ್ಲಿ ರೈಲು ಹೋಯಿತು. ಅಮೃತ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು.

ಅತಿಥಿಗಳು ಕಾರಿನ ಪಕ್ಕದಲ್ಲಿ ನಿಂತೇ ಇದ್ದರು. ತಮ್ಮ ಮುಂದೆ ತಮಟೆಯಿಲ್ಲದೆ ಹೆಜ್ಜೆ ಎತ್ತುವುದು ಅವರ ಕಾಲಿಗೆ ರೂಢಿಯಿರಲಿಲ್ಲ. ಕೊನೆಗೆ ಹೊರಟರು. ಇಡೀ ಮೈದಾನಕ್ಕೆ ಅವರ ಚಪ್ಪಲಿಯ ಸದ್ದೊಂದೇ ಕೇಳಿಸಿತು; ಅಷ್ಟು ದೊಡ್ಡ ಮನುಷ್ಯನಿಗೆ ಅದು ತೀರ ಸಣ್ಣ ಸದ್ದು. ಬೆರಳುಗಳು ತಪ್ಪಿ ಎಲ್ಲಿ ಗುಂಡಿಗೆ ತಾಗುತ್ತವೋ ಎಂದು ಅಮೃತ ಮುಷ್ಟಿ ಬಿಗಿದಳು. ಎಲ್ಲರೂ ಎದ್ದು ನಿಂತಿದ್ದರು, ಮೂರನೇ ಸಾಲಿನಲ್ಲಿ ಒಬ್ಬರನ್ನು ಬಿಟ್ಟು.

ಅತಿಥಿಗಳು ಕೂತರು, ಜನರೂ ಕೂತರು. ಹಾರ ಬಿತ್ತು. ಆಗ ಅವಳು ತಮಟೆ ಶುರು ಮಾಡಿದಳು. ಹಿಂದಿನ ಸಾಲಿನ ಹೆಣ್ಣುಮಕ್ಕಳು ಮೊದಲು ಎದ್ದರು. ಆಮೇಲೆ ಕುರ್ಚಿಗಳೇ ಬದಿಗೆ ಸರಿದು ಕುಣಿಯುವವರಿಗೆ ಜಾಗವಾಯಿತು. ಮುರಳಿಮೋಹನ್ ಕೆಳಗಿನಿಂದ ಎರಡೂ ಕೈಯಲ್ಲಿ ಸದ್ದು ಇಳಿಸೆಂದು ಸನ್ನೆ ಮಾಡಿದ.

ಅವಳು ಅವನನ್ನೇ ನೋಡುತ್ತ ಏರಿಸಿದಳು.